ನಾನು ಸಹಿ ಹಾಕದಿದ್ದುದಕ್ಕೆ ಕಾರಣ



ಕಳೆದ ತಿಂಗಳು ನಮ್ಮ ದೊಡ್ಡನೆಕ್ಕುಂದಿಯ ಬಡಾವಣೆಯ ನಾಲ್ವರು ಹಿರಿಯರು ಒಂದು ಮನವಿ ಪತ್ರವನ್ನು ಹಿಡಿದು ನಮ್ಮ ಮನೆಗೆ ಬಂದರು. ಎರಡು ಬೀದಿ ಆಚೆಗಿನ ಮನೆಯೊಂದರ ನೆಲಮಾಳಿಗೆಯಿಂದ ಪ್ರತಿ ಭಾನುವಾರ ಸಂಜೆ ಐದರಿಂದ ಎಂಟರವರೆಗೆ ಗಿಟಾರು, ಡ್ರಮ್ಮುಗಳ ಸದ್ದು ಬರುತ್ತದೆಂದೂ, "ಪಾಶ್ಚಾತ್ಯ ಸಂಸ್ಕೃತಿಯ ಕರ್ಕಶ ಸಂಗೀತ"ದಿಂದ ಹಿರಿಯ ನಾಗರಿಕರಿಗೂ ವಿದ್ಯಾರ್ಥಿಗಳಿಗೂ ತೊಂದರೆಯಾಗುತ್ತಿದೆಯೆಂದೂ ಅದರಲ್ಲಿ ಬರೆದಿತ್ತು. ನಾನು ಕನ್ನಡ ಮೇಷ್ಟ್ರಾಗಿದ್ದವನಾದ್ದರಿಂದ ಕಾಗುಣಿತ ತಿದ್ದಿ, ಮೊದಲ ಸಹಿ ನನ್ನದೇ ಇರಲಿ ಎಂಬುದು ಅವರ ಅಪೇಕ್ಷೆ. 'ಕರ್ಕಶ' ಎಂಬ ಪದವೇ 'ಕರ್ಕಷ' ಎಂದಾಗಿತ್ತು. ತಿದ್ದಿಕೊಟ್ಟೆ. ಸಹಿಯನ್ನು ಮಾತ್ರ ಹಾಕಲಿಲ್ಲ. "ಒಮ್ಮೆ ಹೋಗಿ ನೋಡಿ ಬರುತ್ತೇನೆ, ಆಮೇಲೆ ಹೇಳುತ್ತೇನೆ" ಎಂದೆ. ಅವರಿಗೆ ಅದು ಹಿಡಿಸಲಿಲ್ಲ.

ಅಂದಿನಿಂದ ಈ ವಿಷಯ ನಮ್ಮ ಬಂಧುವರ್ಗದಲ್ಲೂ ಚರ್ಚೆಗೆ ಬಂದಿದೆ. "ಇಳಿವಯಸ್ಸಿನಲ್ಲಿ ನಿಮಗೇಕೆ ಆ ಹುಡುಗರ ವಕಾಲತ್ತು?" ಎಂದು ನನ್ನ ಅಳಿಯಂದಿರೇ ಕೇಳಿದರು. ನಿಮ್ಮಲ್ಲಿ ಕೆಲವರು ಆ ಪತ್ರಕ್ಕೆ ಸಹಿ ಹಾಕಿರುವಿರಿ ಎಂಬುದೂ ನನಗೆ ತಿಳಿದಿದೆ. ಆದ್ದರಿಂದ ನನ್ನ ಕಾರಣಗಳನ್ನು ಬಿಡಿಸಿ ಹೇಳುವುದು ನನ್ನ ಕರ್ತವ್ಯ. ಅದಕ್ಕಾಗಿ ನನ್ನದೇ ಒಂದು ತಪ್ಪನ್ನೂ ಹೇಳಿಕೊಳ್ಳಬೇಕಾಗಿದೆ. ಅದು ಸುಖದ ಕೆಲಸವಲ್ಲ.

ಆ ಭಾನುವಾರ ನಾನು ಕೋಲು ಊರಿಕೊಂಡು ಆ ಮನೆಯ ನೆಲಮಾಳಿಗೆಗೆ ಇಳಿದೆ. ಅಲ್ಲಿ ಇಪ್ಪತ್ತರ ಆಸುಪಾಸಿನ ಮೂವರು ಹುಡುಗರಿದ್ದರು. ಅವರ ನಡುವೆ ನರೆತ ಕೂದಲನ್ನು ಹಿಂದಕ್ಕೆ ಜುಟ್ಟು ಕಟ್ಟಿದ, ದಪ್ಪ ತಂತಿಗಳ ಗಿಟಾರನ್ನು ಹೆಗಲಿಗೇರಿಸಿದ ಒಬ್ಬ ವ್ಯಕ್ತಿ ನಿಂತಿದ್ದ. ನನ್ನನ್ನು ಕಂಡವನೇ ವಾದ್ಯವನ್ನು ಕೆಳಗಿಟ್ಟು ಬಂದು ಕಾಲಿಗೆರಗಿದ. 1986ರ ಎಸ್.ಎಸ್.ಎಲ್.ಸಿ. ತಂಡದ ನನ್ನ ಶಿಷ್ಯ! ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ತಂಡದವರು ಊಹಿಸಿಕೊಳ್ಳಬಲ್ಲರು. ಊಹಿಸಿದವರು ದಯವಿಟ್ಟು ಬಾಯಿ ಬಿಡಬಾರದು. ಇದೇ ಊರಿನ ರೈತ ಮನೆತನದ ಹುಡುಗ. ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದು ಸ್ವಯಂ ನಿವೃತ್ತಿ ಪಡೆದಿದ್ದಾನೆ. ಹಗಲು ಲೇತ್ ಯಂತ್ರ, ರಾತ್ರಿ ಬೇಸ್ ಗಿಟಾರು: ಹೀಗೆ ಅವನ ಬದುಕು ಸಾಗಿತ್ತೆಂಬುದು ಇಷ್ಟು ವರ್ಷ ಒಂದೇ ಊರಿನಲ್ಲಿದ್ದೂ ನನಗೆ ಗೊತ್ತಿರಲಿಲ್ಲ.

ಅಂದು ಮೂರು ಗಂಟೆ, ಮುಂದಿನ ಭಾನುವಾರ ಮತ್ತೆ ಮೂರು ಗಂಟೆ ಅವನು ಮಾತನಾಡಿದ. ಪಾಠ ಮಾಡುವುದು ನನ್ನ ಚಾಳಿ. ಕೇಳಿಸಿಕೊಳ್ಳುವುದು ಅಷ್ಟಾಗಿ ರೂಢಿಯಿಲ್ಲ. ಆದರೂ ಕೇಳಿದೆ.

"ಸಾರ್, ನನ್ನ ಮೊದಲನೇ ಗುರು ಎಚ್.ಎ.ಎಲ್. ವಿಮಾನ" ಎಂದ. ನಿಮಗೆ ನೆನಪಿರಬಹುದು. ಆಗ ಇಲ್ಲಿ ರಾಗಿ ಹೊಲಗಳಿದ್ದವು, ಕೆರೆಯ ಏರಿಯ ಮೇಲೆ ಎತ್ತಿನ ಗಾಡಿಗಳು ಓಡಾಡುತ್ತಿದ್ದವು. ಕಿರಣ್, ಅಜೀತ್, ಜಾಗ್ವಾರ್ ವಿಮಾನಗಳು ಪರೀಕ್ಷಾ ಹಾರಾಟಕ್ಕೆ ಏರಿದಾಗ ತರಗತಿಯ ಹೆಂಚುಗಳು ಅದುರುತ್ತಿದ್ದವು. ನಾನು ರಾಘವಾಂಕನ ಪದ್ಯವನ್ನು ಅರ್ಧಕ್ಕೆ ನಿಲ್ಲಿಸಿ, ಸದ್ದು ಅಡಗಿದ ಮೇಲೆ ಮುಂದುವರಿಸುತ್ತಿದ್ದೆ. ನಾನು ಶಪಿಸುತ್ತಿದ್ದ ಆ ಅರ್ಧ ನಿಮಿಷಕ್ಕಾಗಿ ಇವನು ಹಿಂದಿನ ಬೆಂಚಿನಲ್ಲಿ ಕಾದು ಕುಳಿತಿರುತ್ತಿದ್ದನಂತೆ. ಸದ್ದು ಎದೆಯೊಳಗೆ ಹೊಕ್ಕು ಕಂಪಿಸುವುದು ಅವನಿಗೆ ಇಷ್ಟವಾಗಿತ್ತು. ಮುಂದೆ ಮೊದಲ ಸಲ ವಿದ್ಯುತ್ ಗಿಟಾರನ್ನು ಕೇಳಿದಾಗ, "ಇದು ನನಗೆ ಗೊತ್ತಿರೋ ಸದ್ದೇ" ಅನ್ನಿಸಿತಂತೆ.

ಅದನ್ನು ಕೇಳಿದ್ದು ಕಾಕ್ಸ್ ಟೌನಿನಲ್ಲಿ. ಇವನ ಚಿಕ್ಕಪ್ಪ ಸೈಕಲ್ಲಿನಲ್ಲಿ ದಂಡು ಪ್ರದೇಶದ ಮನೆಗಳಿಗೆ ಹಾಲು ಹಾಕುತ್ತಿದ್ದರು. ರಜೆಯಲ್ಲಿ ಇವನೂ ಜೊತೆಗೆ ಹೋಗುತ್ತಿದ್ದ. ಒಬ್ಬ ಆಂಗ್ಲೋ ಇಂಡಿಯನ್ ರೈಲ್ವೆ ನಿವೃತ್ತರ ಮನೆಯಲ್ಲಿ ಬೆಳಿಗ್ಗೆ ಆರೂವರೆಗೇ ರೆಕಾರ್ಡ್ ಹಾಡುತ್ತಿತ್ತಂತೆ. ಅಡುಗೆಮನೆಯ ಬಾಗಿಲಲ್ಲಿ ಹಾಲಿನ ಪಾತ್ರೆ ಹಿಡಿದು ನಿಂತ ಹುಡುಗ ಹೋಗದೆ ಅಲ್ಲೇ ನಿಂತಿರುವುದನ್ನು ಕಂಡು ಆ ಹಿರಿಯರು ಒಳಗೆ ಕರೆದು ಕೂರಿಸಿದರು. ಜಿಮಿ ಹೆಂಡ್ರಿಕ್ಸ್, ಡೀಪ್ ಪರ್ಪಲ್ ಎಂಬ ಹೆಸರುಗಳನ್ನು ಇವನು ಅಕ್ಷರ ಕೂಡಿಸಿ ಓದಿದ್ದು ಆ ರೆಕಾರ್ಡುಗಳ ಹೊದಿಕೆಯ ಮೇಲೆ. ಇಂಗ್ಲಿಷ್ ಕಲಿತದ್ದೂ ಅಲ್ಲೇ ಎಂದು ನಗುತ್ತಾನೆ. ನಮ್ಮ ಶಾಲೆಯ ಇಂಗ್ಲಿಷ್ ಮೇಷ್ಟ್ರು ಇದನ್ನು ಓದಿದರೆ ಕ್ಷಮಿಸಲಿ. ಆ ಕುಟುಂಬ ಆಸ್ಟ್ರೇಲಿಯಾಕ್ಕೆ ಹೊರಟಾಗ ಕಲ್ಕತ್ತೆಯಲ್ಲಿ ತಯಾರಾದ ತಮ್ಮ ಹಳೆಯ ಗಿಟಾರೊಂದನ್ನು ನೂರೈವತ್ತು ರೂಪಾಯಿಗೆ ಇವನಿಗೆ ಕೊಟ್ಟರು. ಹಣವನ್ನು ಹಾಲಿನ ಲೆಕ್ಕದಲ್ಲಿ ಮುರಿದುಕೊಂಡರು.

ಬೆಂಗಳೂರು ಎರಡು ಊರುಗಳಾಗಿತ್ತು ಎಂಬುದನ್ನು ಈಗಿನ ಮಕ್ಕಳಿಗೆ ಹೇಳಬೇಕಾಗುತ್ತದೆ. 1809ರಲ್ಲಿ ಬ್ರಿಟಿಷರ ಸೈನ್ಯ ಶ್ರೀರಂಗಪಟ್ಟಣದಿಂದ ಇಲ್ಲಿಗೆ ಬಂದು ದಂಡು ಸ್ಥಾಪನೆಯಾಯಿತು. ಪೇಟೆ ಒಂದು ಕಡೆ, ದಂಡು ಇನ್ನೊಂದು ಕಡೆ. ಆಡಳಿತದಲ್ಲಿ ಅವು ಒಂದಾದದ್ದು 1949ರಲ್ಲಿ, ಮನಸ್ಸಿನಲ್ಲಿ ಒಂದಾದುವೋ ಇಲ್ಲವೋ ನಾನರಿಯೆ. ರಾಕ್ ಸಂಗೀತ ಹುಟ್ಟಿದ್ದು ಅಮೆರಿಕದ ಕರಿಯ ಜನರ ದುಡಿಮೆಯ ಹಾಡಿನಿಂದ, ಅವರ ಚರ್ಚುಗಳಿಂದ, ಬ್ಲೂಸ್ ಎಂಬ ದುಃಖದ ಹಾಡಿನಿಂದ. ನಮ್ಮಲ್ಲಿಗೆ ಅದು ಬಂದದ್ದು ದಂಡಿನ ಬಾಗಿಲಿನಿಂದ. ಪೇಟೆಯ ಕನ್ನಡಿಗರಾದ ನಾವು ಅದನ್ನು ಬಾಗಿಲಲ್ಲೇ ನಿಲ್ಲಿಸಿ ಮಾತನಾಡಿಸಿದೆವು. ನಡುವೆ ಬಿದ್ದವರು ದೊಡ್ಡನೆಕ್ಕುಂದಿ, ಮಾರತ್ತಹಳ್ಳಿ, ವರ್ತೂರಿನಂಥ ಹಳ್ಳಿಗಳವರು. ದಂಡಿಗೆ ಹಾಲು, ತರಕಾರಿ ಹೊರುವವರು ನಾವೇ, ದಂಡಿನ ಹಾಡು ನಮ್ಮದಲ್ಲ ಎನ್ನುವವರೂ ನಾವೇ.

ಆದರೆ ಈ ಊರು ಆ ಸಂಗೀತಕ್ಕೆ ಕೊಟ್ಟಿರುವುದು ಕಡಿಮೆಯೇನಲ್ಲ. ಕೊಡವ ಮನೆತನದ ಬಿದ್ದು ಅಪ್ಪಯ್ಯ 1945ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲಿ ಟ್ರೋಜನ್ಸ್ ಎಂಬ ತಂಡ ಕಟ್ಟಿ, ಲಂಡನ್ನಿಗೆ ಹೋಗಿ, 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ ಕುಂಗ್ ಫೂ ಹಾಡನ್ನು ನಿರ್ಮಿಸಿ ಜಗತ್ತನ್ನೇ ಕುಣಿಸಿದರು. ಅದು ಡಿಸ್ಕೋ, ರಾಕ್ ಅಲ್ಲ ಎಂದು ನನ್ನ ಶಿಷ್ಯ ಬಹಳ ಗಂಭೀರವಾಗಿ ತಿದ್ದಿದ. ಅವರಲ್ಲೂ ಮಡಿ ಮೈಲಿಗೆ ಇದೆ! ಎಪ್ಪತ್ತರ ದಶಕದಲ್ಲಿ ಹ್ಯೂಮನ್ ಬಾಂಡೇಜ್ ಎಂಬ ತಂಡವಿತ್ತು. ಅದರಲ್ಲಿ ಡ್ರಮ್ ಬಾರಿಸುತ್ತಿದ್ದ ರಮೇಶ್ ಶೋಥಮ್ ಮುಂದೆ ಟಿ.ಎ.ಎಸ್. ಮಣಿಯವರ ಕರ್ನಾಟಕ ತಾಳವಾದ್ಯ ಕಲಾಶಾಲೆಯ ಸಹವಾಸಕ್ಕೆ ಬಂದು, ತವಿಲ್ ಹಿಡಿದು, ಜರ್ಮನಿಯಲ್ಲಿ ನೆಲೆಸಿ ಅಲ್ಲಿನವರಿಗೆ ನಮ್ಮ ತಾಳವನ್ನು ಕೇಳಿಸಿದರು. ರಾಕ್ ನುಡಿಸಿದ ಕೈ ತವಿಲಿಗೆ ಬಂದದ್ದರಿಂದ ಸಂಸ್ಕೃತಿ ಕೆಟ್ಟಿತೆಂದು ಯಾರು ಹೇಳುತ್ತಾರೆ? 1970ರ 'ಸಂಸ್ಕಾರ' ಚಿತ್ರವನ್ನು ನಿರ್ದೇಶಿಸಿದ ಪಟ್ಟಾಭಿರಾಮ ರೆಡ್ಡಿಯವರ, ಅದರಲ್ಲಿ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿಯವರ ಮಗ ಕೋನಾರ್ಕ್ ರೆಡ್ಡಿ ಗಿಟಾರ್ ವಾದಕರು. ತುರ್ತುಪರಿಸ್ಥಿತಿಯಲ್ಲಿ ಸೆರೆವಾಸ ಅನುಭವಿಸಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡ ಆ ಮಹಾತಾಯಿಯ ಮನೆಯಲ್ಲಿ ಗಿಟಾರ್ ನುಡಿಯುತ್ತಿತ್ತು. ಗಿಟಾರ್ ಹಿಡಿದವರೆಲ್ಲ ಹೊಣೆಗೇಡಿಗಳೆಂಬ ನಮ್ಮ ಹಳೆಯ ಊಹೆಯನ್ನು ಇಲ್ಲಾದರೂ ಒಮ್ಮೆ ಪರೀಕ್ಷಿಸಿಕೊಳ್ಳಬೇಕು.

ನನ್ನ ಶಿಷ್ಯ ಇಂಥ ಹೆಸರು ಮಾಡಿದವನಲ್ಲ. ಕಾಲೇಜು ಉತ್ಸವಗಳು, ಮದುವೆಯ ಆರತಕ್ಷತೆಗಳು, ಕ್ರಿಸ್‌ಮಸ್ ಕೂಟಗಳು ಅವನ ರಂಗ. ಕ್ಯಾಸೆಟ್ಟನ್ನು ಪೆನ್ಸಿಲಿನಲ್ಲಿ ಹಿಂದಕ್ಕೆ ಸುತ್ತಿ ಸುತ್ತಿ ಒಂದೊಂದು ಸ್ವರವನ್ನು ಹುಡುಕಿ ಕಲಿತವನು. 1996ರಲ್ಲಿ ಆರಂಭವಾಗಿ ಸ್ವಾತಂತ್ರ್ಯ ದಿನದ ಹೊತ್ತಿಗೆ ನಡೆಯುತ್ತಿದ್ದ ಫ್ರೀಡಮ್ ಜ್ಯಾಮ್ ಎಂಬ ಉಚಿತ ಸಂಗೀತಕೂಟವೇ ಅವನ ಪಾಲಿನ ದಸರಾ. ಅದೇ ವರ್ಷ ಹುಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡದ ಹೆಸರಿನ ಒಗಟನ್ನೂ ಅವನೇ ಬಿಡಿಸಿದ: ತಂಡದಲ್ಲಿ ಮೂರೂ ಕಾಲು ಮಲಯಾಳಿಗಳಿದ್ದರಂತೆ! ಅರಮನೆ ಮೈದಾನಕ್ಕೆ 2002ರಲ್ಲಿ ರೋಜರ್ ವಾಟರ್ಸ್, 2003ರಲ್ಲಿ ರೋಲಿಂಗ್ ಸ್ಟೋನ್ಸ್, 2005ರಲ್ಲಿ ಮಾರ್ಕ್ ನಾಫ್ಲರ್ ಬಂದದ್ದನ್ನು ಅವನು ಜಾತ್ರೆಗಳ ಲೆಕ್ಕದಲ್ಲಿ ಹೇಳುತ್ತಾನೆ. 2007ರ ಮಾರ್ಚ್ 17ರಂದು ಐರನ್ ಮೇಡನ್ ತಂಡ ಭಾರತದಲ್ಲಿ ಮೊದಲ ಬಾರಿಗೆ ನುಡಿಸಿದ್ದೂ ಅಲ್ಲೇ. ಆ ದಿನ ಇವನು ಎರಡನೇ ಪಾಳಿಗೆ ರಜೆ ಹಾಕಿ, ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದನಂತೆ. ಸುತ್ತ ಗುವಾಹಟಿಯಿಂದ, ಕೇರಳದಿಂದ ರೈಲಿನಲ್ಲಿ ಬಂದ ಹುಡುಗರು. "ಎಲ್ಲರಿಗೂ ಪ್ರತಿ ಸಾಲೂ ಬಾಯಿಪಾಠ ಸಾರ್. ನಿಮ್ಮ ಕ್ಲಾಸಿನಲ್ಲಿ ಯಾವತ್ತಾದರೂ ಹಂಗೆ ಪದ್ಯ ಹೇಳಿದ್ದೀವಾ?" ಎಂದ. ಇಲ್ಲ, ಹೇಳಿರಲಿಲ್ಲ.

ನನಗೆ ರಾಕ್ ಸಂಗೀತ ಇಷ್ಟವಾಯಿತೇ ಎಂದು ಕೇಳುವಿರಿ. ಪೂರ್ತಿಯಾಗಿ ಇಲ್ಲ. ಮೊದಲ ಹತ್ತು ನಿಮಿಷ ನನಗೆ ತಲೆನೋವೇ ಬಂದಿತು. ಆಮೇಲೆ ಅವನು ಸದ್ದು ತಗ್ಗಿಸಿ ಒಂದು ಉಪಾಯ ಮಾಡಿದ. "ಸಾರ್, ಇದು ಯಾವ ರಾಗ ಹೇಳಿ" ಎಂದು ಐದು ಸ್ವರಗಳನ್ನು ಒಂದೊಂದಾಗಿ ನುಡಿಸಿದ. ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೈಶಿಕಿ ನಿಷಾದ. "ಶುದ್ಧ ಧನ್ಯಾಸಿ" ಎಂದೆ. "ಬ್ಲೂಸು, ರಾಕು ಬಹುಪಾಲು ನಿಂತಿರೋದು ಇದರ ಮೇಲೇ ಸಾರ್" ಎಂದು ಅದೇ ಸ್ವರಗಳಲ್ಲಿ ತಂತಿಯನ್ನು ಬೆರಳಿನಿಂದ ಎಳೆದು, ಜಗ್ಗಿಸಿ ನುಡಿಸಿದಾಗ ಅದು ಗಮಕವಲ್ಲದೆ ಮತ್ತೇನು? ಆ ಸಂಗೀತದ ಗುಡುಗಿಗೆ ಬೆನ್ನೆಲುಬಾದ 'ಪವರ್ ಕಾರ್ಡ್' ಎಂಬುದೊಂದಿದೆ. ಬಿಡಿಸಿ ನೋಡಿದರೆ ಅದು ಷಡ್ಜ ಮತ್ತು ಪಂಚಮ, ಅಷ್ಟೇ. ನಮ್ಮ ತಂಬೂರಿಯಲ್ಲಿ ಬೇರೇನಿದೆ? ತಂಬೂರಿಯ ಕುದುರೆಯ ಮೇಲೆ ದಾರವಿಟ್ಟು ಜೀವಾಳ ಹಿಡಿಸಿ ನಾದವನ್ನು ಝೇಂಕರಿಸುವಂತೆ ಮಾಡುತ್ತೇವೆ. ಅವರು ವಿದ್ಯುತ್ತಿನ ವರ್ಧಕವನ್ನು ಅದರ ಮಿತಿ ಮೀರಿ ದುಡಿಸಿ, ನಾದವನ್ನು ಒಡೆದು, ಝೇಂಕರಿಸುತ್ತಾರೆ. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಶುದ್ಧ ಧನ್ಯಾಸಿಯ ಆಲಾಪನೆಯಲ್ಲಿ ಇರುವ ಬಿಡುವು, ಮೌನ ಅಲ್ಲಿ ನನಗೆ ಕಾಣಲಿಲ್ಲ. ಆದರೆ ಪರಿಚಯವೇ ಇಲ್ಲದ ಮನೆಗೆ ಬಂದಿದ್ದೇನೆ ಎಂದುಕೊಂಡವನಿಗೆ ಗೋಡೆಯ ಮೇಲೆ ನೆಂಟರ ಭಾವಚಿತ್ರ ಕಂಡಂತಾಯಿತು.

"ಆದರೂ ಅದು ವಿದೇಶಿಯದಲ್ಲವೇ?" ಎಂಬುದು ಮನವಿ ಪತ್ರದವರ ಮುಖ್ಯ ವಾದ. ಈ ವಾದವನ್ನು ನಾನು ಒಪ್ಪಲಾರೆ. ಪಿಟೀಲು ಎಲ್ಲಿಯದು? ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನ ಐರೋಪ್ಯ ವಾದಕರಿಂದ ಕಲಿತು ನಮ್ಮ ಸಂಗೀತಕ್ಕೆ ತಂದ ವಾದ್ಯ ಅದು. ಇನ್ನೂರು ವರ್ಷಗಳಲ್ಲಿ ಅದು ಎಷ್ಟು ನಮ್ಮದಾಯಿತೆಂದರೆ, ಏಳು ತಂತಿಯ ಪಿಟೀಲು ನುಡಿಸಿದ ಚೌಡಯ್ಯನವರ ಸ್ಮರಣೆಗೆ ಪಿಟೀಲಿನ ಆಕಾರದ ಸಭಾಭವನವನ್ನೇ ಈ ನಗರ ಕಟ್ಟಿಕೊಂಡಿದೆ. ಹಾರ್ಮೋನಿಯಂ ಫ್ರಾನ್ಸಿನ ಕೂಸು. ವಿದೇಶಿ, ಗಮಕ ನುಡಿಸಲಾಗದ್ದು ಎಂಬ ಆರೋಪದ ಮೇಲೆ 1940ರಲ್ಲಿ ಆಕಾಶವಾಣಿ ಅದನ್ನು ಹೊರಗಟ್ಟಿತು; 1971ರವರೆಗೆ ಆ ನಿಷೇಧ ಸಡಿಲವಾಗಲಿಲ್ಲ. ಆ ಅವಧಿಯಲ್ಲಿ ನಮ್ಮ ಕಂಪನಿ ನಾಟಕಗಳು ಹಾರ್ಮೋನಿಯಂ ಇಲ್ಲದೆ ಒಂದು ದಿನವಾದರೂ ಪರದೆ ಎತ್ತಿದವೇ? ನಮ್ಮ ಜಯಚಾಮರಾಜ ಒಡೆಯರು ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ಅದೇ ಕೈಯಿಂದ ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ಪೋಷಿಸಿದರು. ರಿಚರ್ಡ್ ಸ್ಟ್ರಾಸ್ ಬರೆದ ಕೊನೆಯ ನಾಲ್ಕು ಗೀತೆಗಳು 1950ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ಪ್ರಯೋಗವಾದದ್ದು ಮೈಸೂರು ಮಹಾರಾಜರ ಧನಸಹಾಯದಿಂದ. ಇನ್ನು 1977ರಲ್ಲಿ ಅಮೆರಿಕದವರು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪದ ರೆಕಾರ್ಡನ್ನು ನಕ್ಷತ್ರಗಳತ್ತ ಕಳುಹಿಸಿದಾಗ, ಅದರಲ್ಲಿ ಕೇಸರ್‌ಬಾಯಿ ಕೇರ್ಕರರ ಭೈರವಿಯೂ ಚಕ್ ಬೆರಿಯ ರಾಕ್ ಹಾಡೂ ಒಂದೇ ತಟ್ಟೆಯಲ್ಲಿ ಕುಳಿತು ಹೋದವು. ಆಕಾಶದಲ್ಲಿ ಜೊತೆಗಿರಬಲ್ಲವು ದೊಡ್ಡನೆಕ್ಕುಂದಿಯಲ್ಲಿ ಇರಲಾರವೇ?

ಈಗ ನನ್ನ ತಪ್ಪಿನ ವಿಷಯ.

1986ರ ಶಾಲಾ ವಾರ್ಷಿಕೋತ್ಸವದ ಸಾಂಸ್ಕೃತಿಕ ಕಾರ್ಯಕ್ರಮಗಳ ಪಟ್ಟಿ ನನ್ನ ಜವಾಬ್ದಾರಿಯಾಗಿತ್ತು. ಇಬ್ಬರು ಹುಡುಗರು ಹೆಸರು ಕೊಟ್ಟರು. ಒಬ್ಬ ಇವನು, ಗಿಟಾರ್. ಇನ್ನೊಬ್ಬ ಇವನ ಗೆಳೆಯ, ತಮಟೆ. ಹಾಡು ಶಿಶುನಾಳ ಶರೀಫರ ಗುಡುಗುಡಿಯ ತತ್ವಪದ. ನಾನು ಖಾಲಿ ತರಗತಿಯೊಂದರಲ್ಲಿ ಅವರ ಅಭ್ಯಾಸವನ್ನು ಎರಡು ನಿಮಿಷ ಕೇಳಿದೆ. ಪೂರ್ತಿ ಎರಡು ನಿಮಿಷವೂ ಅಲ್ಲ. "ಇದೇನು ಕಿರುಚಾಟ?" ಎಂದು ಕೇಳಿ, ಪಟ್ಟಿಯಲ್ಲಿ ಆ ಸಾಲಿನ ಮೇಲೆ ಕೆಂಪು ಶಾಯಿ ಎಳೆದು, ಪಕ್ಕದಲ್ಲಿ "ವಿದೇಶಿ ವಾದ್ಯ, ನಮ್ಮ ಸಂಸ್ಕೃತಿಗೆ ಹೊಂದುವುದಿಲ್ಲ" ಎಂದು ಬರೆದೆ. ಅಷ್ಟಕ್ಕೇ ಬಿಡಲಿಲ್ಲ. ಮಾರತ್ತಹಳ್ಳಿಯ ಬಸ್ ನಿಲ್ದಾಣದಲ್ಲಿ ಇವನ ತಂದೆಯವರು ಸಿಕ್ಕಾಗ, ಪರೀಕ್ಷೆ ಹತ್ತಿರ ಬರುತ್ತಿದೆ, ಹುಡುಗ ಗಿಟಾರಿನ ಹುಚ್ಚಿನಲ್ಲಿ ಹಾಳಾಗುತ್ತಿದ್ದಾನೆ ಎಂದು ಹೇಳಿದೆ. ಅಂದಿನ ಮೇಷ್ಟ್ರ ಮಾತಿಗೆ ಎಷ್ಟು ತೂಕವಿತ್ತೆಂದು ನಿಮಗೆ ಗೊತ್ತು. ಆ ದೊಡ್ಡ ಮನುಷ್ಯರು ಮರುಮಾತಾಡದೆ ಗಿಟಾರನ್ನು ದನದ ಕೊಟ್ಟಿಗೆಯ ಗಳಕ್ಕೆ ನೇತುಹಾಕಿದರಂತೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಂಟು ಬಿಟ್ಟು, ಕುತ್ತಿಗೆ ಬಾಗಿ ಅದು ಸೌದೆಯಾಯಿತು. ಇದನ್ನು ನನ್ನ ಶಿಷ್ಯ ಮೊನ್ನೆ ಯಾವ ಸಿಟ್ಟೂ ಇಲ್ಲದೆ, ಬೇರೆ ಯಾರದೋ ಮನೆಯ ಸುದ್ದಿಯಂತೆ ಹೇಳಿದ. ನನಗೆ ಆ ದಿನ ಊಟ ಸೇರಲಿಲ್ಲ.

ಆ ವಾರ್ಷಿಕೋತ್ಸವದಲ್ಲಿ ಪ್ರಾರ್ಥನೆಗೆ ಹಾರ್ಮೋನಿಯಂ ಇತ್ತು, ನಾಟಕಕ್ಕೂ ಹಾರ್ಮೋನಿಯಂ ಇತ್ತು. ಅದು ವಿದೇಶಿ ಎಂದು ನನಗೆ ಹೊಳೆಯಲೇ ಇಲ್ಲ.

ಇಪ್ಪತ್ತೆರಡು ವರ್ಷಗಳ ನಂತರ, 2008ರಲ್ಲಿ, ರಘು ದೀಕ್ಷಿತರ ತಂಡ ಅದೇ ಗುಡುಗುಡಿಯ ಪದವನ್ನು ಗಿಟಾರುಗಳೊಂದಿಗೆ 'ಅಂತರಾಗ್ನಿ' ಎಂಬ ಧ್ವನಿಸುರುಳಿಯಲ್ಲಿ ತಂದಿತು. ಮುಂದೆ ಆ ತಂಡ ಇಂಗ್ಲೆಂಡಿನ ವೇದಿಕೆಗಳನ್ನೂ ಏರಿತು. ನನ್ನ ಮೊಮ್ಮಗಳು ಆ ಹಾಡನ್ನು ಕೇಳಿಸಿ "ತಾತ, ಶರೀಫರು ಯಾರು?" ಎಂದು ಕೇಳಿದಳು. 1819ರಿಂದ 1889ರವರೆಗೆ ಬದುಕಿದ ಸಂತನನ್ನು ಅವಳಿಗೆ ಪರಿಚಯಿಸಿದ್ದು ಮೂವತ್ತೈದು ವರ್ಷ ಕನ್ನಡ ಪಾಠ ಮಾಡಿದ ತಾತನಲ್ಲ, ಲುಂಗಿ ಉಟ್ಟು ಗೆಜ್ಜೆ ಕಟ್ಟಿಕೊಂಡು ಗಿಟಾರ್ ಬಾರಿಸುವ ಮೈಸೂರಿನ ಯುವಕ. ಸಿ. ಅಶ್ವತ್ಥರು ಶರೀಫರನ್ನು ನಮ್ಮ ತಲೆಮಾರಿಗೆ ತಲುಪಿಸಿದರು. ಮುಂದಿನ ತಲೆಮಾರಿಗೆ ತಲುಪಿಸಲು ಬೇರೆ ವಾಹನ ಬೇಕಾಯಿತು. ನನ್ನ ಇಬ್ಬರು ಹುಡುಗರು ಅಷ್ಟು ದೂರ ಹೋಗುತ್ತಿದ್ದರೆಂದು ನಾನು ಹೇಳಲಾರೆ. ವಾರ್ಷಿಕೋತ್ಸವದ ಐದು ನಿಮಿಷವಾದರೂ ಅವರಿಗೆ ಸಿಗಬೇಕಾಗಿತ್ತು.

ಇಲ್ಲಿ ನಾನು ಇನ್ನೊಂದು ಮಾತನ್ನು ಬರೆಯದೆ ಮುಂದೆ ಹೋದರೆ ಅದು ಅರ್ಧಸತ್ಯವಾಗುತ್ತದೆ. ಗಿಟಾರನ್ನು ವಿದೇಶಿಯೆಂದು ಬೇಡವೆಂದೆ. ಸರಿ, ತಮಟೆ ವಿದೇಶಿಯೇ? ಶತಮಾನಗಳಿಂದ ನಮ್ಮ ಗ್ರಾಮದೇವತೆಯ ಹಬ್ಬಕ್ಕೆ, ಕರಗಕ್ಕೆ, ಮದುವೆಗೆ, ಮಸಣದ ದಾರಿಗೆ ಬಾರಿಸಿದ ವಾದ್ಯ ಅದು. ಆ ಹುಡುಗ ಒಬ್ಬನೇ ಬಂದು "ಸಾರ್, ಗಿಟಾರ್ ಬೇಡ, ನಾನು ತಮಟೆ ಬಾರಿಸಿ ಹಾಡ್ತೀನಿ" ಎಂದಿದ್ದರೆ ಒಪ್ಪುತ್ತಿದ್ದೆನೇ? ಇಲ್ಲ. ತಮಟೆ ಶಾಲೆಯ ವೇದಿಕೆಯ ಮೇಲೆ, ಮುಖ್ಯ ಅತಿಥಿಗಳ ಮುಂದೆ ಬರುವುದು ನನಗೆ ಒಗ್ಗುತ್ತಿರಲಿಲ್ಲ. ಆ ಹುಡುಗ ಯಾವ ಕೇರಿಯವನೆಂಬುದು ನಿಮಗೆಲ್ಲ ಗೊತ್ತು, ನನಗೂ ಗೊತ್ತಿತ್ತು. 'ವಿದೇಶಿ' ಎಂಬ ಪದ ಆ ದಿನ ನನಗೆ ಒದಗಿಬಂದ ಸಭ್ಯವಾದ ಮುಸುಕು. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ತಮಟೆ ವಾದನಕ್ಕಾಗಿ ಪದ್ಮಶ್ರೀ ಬಂದಾಗ ನಾನು ಎಲ್ಲರಿಗಿಂತ ಮೊದಲು ಅಭಿನಂದನೆಯ ಮಾತುಗಳನ್ನು ಬರೆದೆ. ಆಗಲೂ ಆ ಹುಡುಗ ನೆನಪಾಗಲಿಲ್ಲ. ಈಗ ಆಗಿದ್ದಾನೆ.

ಆದ್ದರಿಂದಲೇ ಮನವಿ ಪತ್ರದಲ್ಲಿ 'ಪಾಶ್ಚಾತ್ಯ ಸಂಸ್ಕೃತಿ' ಎಂಬ ಪದಗಳನ್ನು ಕಂಡಾಗ ಕೈ ತಡೆಯಿತು. ಸದ್ದು ಹೆಚ್ಚಾಗಿದ್ದರೆ ಸದ್ದು ಹೆಚ್ಚು ಎಂದು ಹೇಳೋಣ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮಿತಿ ಎಂದು 2000ದ ಶಬ್ದಮಾಲಿನ್ಯ ನಿಯಮಗಳೇ ಹೇಳುತ್ತವೆ. ಅದು ಗಿಟಾರಿಗೂ ಅನ್ವಯಿಸುತ್ತದೆ, ಗಣೇಶೋತ್ಸವದ ಧ್ವನಿವರ್ಧಕಕ್ಕೂ ಅನ್ವಯಿಸುತ್ತದೆ. ಸಂಸ್ಕೃತಿಯನ್ನು ಅಳೆಯುವ ಮಾಪಕ ಯಾವ ಠಾಣೆಯಲ್ಲೂ ಇಲ್ಲ.

ಪದಗಳು ಮಾಡುವ ಅನಾಹುತಕ್ಕೆ ಈ ನಗರದಲ್ಲೇ ಇನ್ನೊಂದು ಉದಾಹರಣೆ ಇದೆ. 'ಲೈವ್ ಬ್ಯಾಂಡ್' ಎಂದರೆ ನಮ್ಮ ಕನ್ನಡ ಪತ್ರಿಕೆಗಳ ಓದುಗರಿಗೆ ಏನು ಅರ್ಥವಾಗುತ್ತದೆ? ಹೆಣ್ಣುಮಕ್ಕಳನ್ನು ಕುಣಿಸುವ ಬಾರು. ಜಗತ್ತಿನ ಉಳಿದೆಡೆ ಆ ಪದದ ಅರ್ಥ, ಎದುರಿಗೆ ಕುಳಿತು ವಾದ್ಯ ನುಡಿಸುವ ತಂಡ. ಅಂಥ ಬಾರುಗಳನ್ನು ಹದ್ದಿನಲ್ಲಿಡಲು 2005ರಲ್ಲಿ ಬೆಂಗಳೂರಿಗೆ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿ ಆದೇಶವೊಂದು ಬಂತು. 2018ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆ ವರ್ಷ ಪರವಾನಗಿಯ ಗೊಂದಲದಲ್ಲಿ ಇಂದಿರಾನಗರ ಮೊದಲಾದೆಡೆ ಒಬ್ಬ ಹಾಡುಗಾರ, ಒಂದು ಗಿಟಾರು ಇದ್ದ ಉಪಾಹಾರ ಗೃಹಗಳಲ್ಲೂ ಸಂಗೀತ ನಿಂತುಹೋಯಿತು. ನನ್ನ ಶಿಷ್ಯನ ತಂಡದವರೊಬ್ಬರು ಅದೇ ವರ್ಷ ತಮ್ಮ ಡ್ರಮ್ಮುಗಳನ್ನು ಮಾರಿ ಗೃಹಸಾಲದ ಕಂತು ಕಟ್ಟಿದರಂತೆ. ಇಂದಿರಾನಗರದಲ್ಲಿ ನಮ್ಮ ನೆಂಟರೂ ಇದ್ದಾರೆ. ಮಧ್ಯರಾತ್ರಿಯ ಪಬ್ಬುಗಳ ಗದ್ದಲದಿಂದ ನಿದ್ದೆಗೆಟ್ಟ ಅವರ ದೂರು ನ್ಯಾಯವಾದದ್ದೇ. ಗದ್ದಲಕ್ಕೆ, ಕುಡಿತಕ್ಕೆ, ವಾಹನ ನಿಲುಗಡೆಗೆ ಕಡಿವಾಣ ಹಾಕಲಿ. ಆದರೆ ಸಂಗೀತಗಾರನನ್ನೂ ದಂಧೆಗಾರನನ್ನೂ ಒಂದೇ ಪದದ ಚೀಲಕ್ಕೆ ತುಂಬಿದರೆ ಮೊದಲು ಉಸಿರುಗಟ್ಟುವವನು ಸಂಗೀತಗಾರ.

ಹಾಗಾದರೆ ಅವರು ಎಲ್ಲಿ ನುಡಿಸಬೇಕು? ಹೋಟೆಲಿನಲ್ಲಿ ಬೇಡ, ಮನೆಯಲ್ಲಿ ಬೇಡ, ಬಯಲಿನಲ್ಲಿ ಬೇಡ ಎಂದರೆ ಉಳಿಯುವುದೇನು? ನಮ್ಮ ಬಡಾವಣೆಗಳಲ್ಲಿ ಸಮುದಾಯ ಭವನಗಳಿವೆ. ಮದುವೆಯ ಮುಹೂರ್ತವಿಲ್ಲದ ದಿನಗಳಲ್ಲಿ ಬೀಗ ಹಾಕಿಕೊಂಡು ಕೂತಿರುತ್ತವೆ. ಸರ್ಕಾರಿ ಶಾಲೆಗಳ ಸಭಾಂಗಣಗಳು ಭಾನುವಾರ ಖಾಲಿ. ಅವನ್ನು ಭಜನಾ ಮಂಡಳಿಗೆ ಒಂದು ಗಂಟೆ, ನಾಟಕದವರಿಗೆ ಒಂದು ಗಂಟೆ, ಈ ಹುಡುಗರಿಗೆ ಒಂದು ಗಂಟೆ ಕೊಡಲು ಯಾರ ಗಂಟು ಹೋಗುತ್ತದೆ? ಬಡಾವಣೆಯ ಸಂಘದ ಮುಂದೆ ಈ ಪ್ರಸ್ತಾಪವನ್ನು ಬರಹದಲ್ಲಿ ಇಟ್ಟಿದ್ದೇನೆ. ನಕ್ಕರು. ಮತ್ತೆ ಇಡುತ್ತೇನೆ.

ಹುಡುಗರ ಮೇಲೂ ನನ್ನ ದೂರುಗಳಿವೆ. ಅವರ ನೆಲಮಾಳಿಗೆಯ ಗೋಡೆಗೆ ಮೊಟ್ಟೆಯ ತಟ್ಟೆಗಳನ್ನು ಅಂಟಿಸಿ, ಸದ್ದು ಹೊರಗೆ ಹೋಗುವುದಿಲ್ಲ ಎಂದು ನಂಬಿಕೊಂಡಿದ್ದರು. ಅವು ಕೋಣೆಯೊಳಗಿನ ಪ್ರತಿಧ್ವನಿಯನ್ನು ಒಂದಿಷ್ಟು ತಗ್ಗಿಸಬಹುದೇ ಹೊರತು ಸದ್ದನ್ನು ತಡೆಯಲಾರವು; ಮಂದ್ರದ ಸದ್ದು ನೆಲದ ಮೂಲಕ, ಗೋಡೆಯ ಮೂಲಕ ಪಕ್ಕದ ಮನೆಗೆ ನಡೆದುಹೋಗುತ್ತದೆ. ಭೌತಶಾಸ್ತ್ರ ಓದಿದ ಇನ್ನೊಬ್ಬ ಹಳೆಯ ವಿದ್ಯಾರ್ಥಿಯನ್ನು ಕರೆಸಿದೆ. ಅವನ ಸಲಹೆಯಂತೆ ಬೇಸ್ ಪೆಟ್ಟಿಗೆಯ ಕೆಳಗೆ ದಪ್ಪ ರಬ್ಬರ್ ಹಾಸು ಬಂದಿದೆ, ಬಾಗಿಲಿನ ಸಂದಿಗಳಿಗೆ ರಬ್ಬರ್ ಪಟ್ಟಿ ಬಡಿದಿದ್ದಾರೆ, ಬಾಗಿಲಿಗೇ ಇನ್ನೊಂದು ದಪ್ಪ ಹಲಗೆ ಸೇರಿಸಿದ್ದಾರೆ. ಏಳೂವರೆಗೆ ಮುಗಿಸಲು ಒಪ್ಪಿದ್ದಾರೆ. ಪಿ.ಯು.ಸಿ. ಪರೀಕ್ಷೆಯ ತಿಂಗಳು ಪೂರ್ತಿ ಬಿಡುವು. ಮನವಿಗೆ ಸಹಿ ಹಾಕಿದ ಪಕ್ಕದ ಮನೆಯ ತಾಯಿಯವರು "ಈಗ ಮಿಕ್ಸಿಯಷ್ಟೂ ಕೇಳಿಸಲ್ಲ" ಎಂದಿದ್ದಾರೆ. ಸಹಿ ಹಿಂತೆಗೆದುಕೊಂಡಿಲ್ಲ, ಅದು ಬೇರೆ ಮಾತು.

ನನ್ನ ಎರಡನೆಯ ದೂರು ಭಾಷೆಯದು. ಈ ಊರಿನಲ್ಲಿ ಹುಟ್ಟಿ, ಈ ನೀರು ಕುಡಿದು, ಹಾಡುವುದೆಲ್ಲ ಇಂಗ್ಲಿಷಿನಲ್ಲೇ ಏಕೆ? 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದವರೆಗೆ ಹೋಗಿ ನುಡಿಸಿದ ಬೆಂಗಳೂರಿನ ಕ್ರಿಪ್ಟೋಸ್ ತಂಡದ ಹಾಡುಗಳೂ ಇಂಗ್ಲಿಷಿನವೇ. ಸ್ವರಾತ್ಮದಂಥ ತಂಡಗಳು ಕನ್ನಡಕ್ಕೆ ಬಾಗಿಲು ತೆರೆದಿವೆ, ನಿಜ. ಆದರೆ ಈ ನೆಲಮಾಳಿಗೆಯಲ್ಲಿ ನಾನು ಕೇಳಿದ ಏಳು ಹಾಡುಗಳಲ್ಲಿ ಒಂದೂ ಕನ್ನಡದ್ದಲ್ಲ. ರಾಜಕುಮಾರ್ ಅವರು 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್' ಚಿತ್ರಕ್ಕಾಗಿ ಇಂಗ್ಲಿಷಿನಲ್ಲಿ ಹಾಡಲಿಲ್ಲವೇ ಎಂದು ಒಬ್ಬ ತುಂಟ ಹುಡುಗ ಕೇಳಿದ. ಅಣ್ಣಾವ್ರು ಒಂದು ಹಾಡಿದರು, ನೂರಾರು ಕನ್ನಡದಲ್ಲಿ ಹಾಡಿದರು, ನೀನು ಆ ಲೆಕ್ಕ ಮೊದಲು ತೀರಿಸಪ್ಪಾ ಎಂದೆ. ಹೀಗೆ ನಾನು ಭಾಷಣಕ್ಕೆ ತೊಡಗಿದ್ದಾಗ ನನ್ನ ಶಿಷ್ಯ ಬಹಳ ಮೆತ್ತಗೆ, ಗಿಟಾರಿನ ಕಿವಿ ತಿರುವುತ್ತ ಹೇಳಿದ:

"ಸಾರ್, ನಾವು ಶುರು ಮಾಡಿದ್ದು ಕನ್ನಡದಲ್ಲೇ."

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗರಿಗೆ ಸಂಗತಿ ಗೊತ್ತಿರಲಿಲ್ಲವಾದ್ದರಿಂದ ಅವರು ಸುಮ್ಮನೆ ಇಬ್ಬರ ಮುಖವನ್ನೂ ನೋಡಿದರು. ನಾನೇ ಅವರಿಗೆ 1986ರ ಕಥೆಯನ್ನು ಹೇಳಿದೆ. ಡ್ರಮ್ ಬಾರಿಸುವ ಹುಡುಗ ಕೇಳಿದ ಮೊದಲ ಪ್ರಶ್ನೆ: "ತಮಟೆಯವರು ಈಗ ಎಲ್ಲಿದ್ದಾರೆ ಸಾರ್?"

ಅವನು ಹೊಸಕೋಟೆಯ ಕಡೆ ಇದ್ದಾನೆಂದು ನನ್ನ ಶಿಷ್ಯ ಪತ್ತೆ ಹಚ್ಚಿದ. ಸ್ವಂತ ಆಟೋ ಓಡಿಸುತ್ತಾನೆ. ಹಬ್ಬದ ಕಾಲದಲ್ಲಿ ಈಗಲೂ ತಮಟೆಯ ತಂಡದೊಂದಿಗೆ ಹೋಗುತ್ತಾನೆ. ಕಳೆದ ಗುರುವಾರ ಅವನೊಡನೆ ದೂರವಾಣಿಯಲ್ಲಿ ಮಾತನಾಡಿದೆ. ಕ್ಷಮೆ ಕೇಳಲು ಹೊರಟವನಿಗೆ ಮಾತು ಸರಿಯಾಗಿ ಬರಲಿಲ್ಲ. ಅವನು "ಅದೆಲ್ಲ ಯಾವ ಕಾಲದ ಮಾತು ಬಿಡಿ ಸಾರ್" ಎಂದ. ಬಿಟ್ಟನೋ ಇಲ್ಲವೋ ನನಗೆ ತಿಳಿಯಲಿಲ್ಲ; ತಿಳಿಯಬೇಕೆಂದು ಒತ್ತಾಯಿಸುವ ಹಕ್ಕು ನನಗಿಲ್ಲ. ಆದರೆ ಬರುತ್ತೇನೆಂದು ಒಪ್ಪಿದ್ದಾನೆ.

ರಾಜ್ಯೋತ್ಸವದ ಮರುದಿನ ಸಂಜೆ ನಾಲ್ಕಕ್ಕೆ, ನಮ್ಮ ಮನೆಯ ಮಹಡಿಯ ಮೇಲೆ, ಅಂದು ನಾನು ಕೆಂಪು ಶಾಯಿ ಎಳೆದ ಆ ಒಂದು ಹಾಡಿನಿಂದ ಕಾರ್ಯಕ್ರಮ ಆರಂಭವಾಗುತ್ತದೆ. 1986ರ ತಂಡದವರೆಲ್ಲರೂ ಕುಟುಂಬ ಸಮೇತ ಬರಬೇಕು. ಮನವಿ ಪತ್ರಕ್ಕೆ ಸಹಿ ಹಾಕಿದವರಿಗೆ ಮುಂದಿನ ಸಾಲಿನ ಕುರ್ಚಿ. ಕಾಫಿ, ಅಂಬೊಡೆಯ ವ್ಯವಸ್ಥೆ ಮನೆಯಾಕೆಯದು. ತಮಟೆಯ ಚರ್ಮವನ್ನು ಬಿಗಿಗೊಳಿಸಲು ಬೆಂಕಿಗೆ ಹಿಡಿದು ಕಾಯಿಸಬೇಕು. ಅದಕ್ಕೆ ಒಂದೆರಡು ಹಿಡಿ ಒಣಹುಲ್ಲು ಬೇಕಾಗಿದೆ. ಒಂದು ಕಾಲದಲ್ಲಿ ಬಣವೆಗಳೇ ತುಂಬಿದ್ದ ದೊಡ್ಡನೆಕ್ಕುಂದಿಯಲ್ಲಿ ಎರಡು ದಿನ ಹುಡುಕಿದರೂ ಹುಲ್ಲು ಸಿಗಲಿಲ್ಲ. ಹೊಸಕೋಟೆ, ಮಾಲೂರಿನ ಕಡೆಯಿಂದ ಬರುವವರು ಯಾರಾದರೂ ದಯವಿಟ್ಟು ಒಂದು ಹೊರೆ ತನ್ನಿ.